ಅಬ್ಬಿಗೆರೆಯ ಬೂದುಗುಂಬಳ

ಆಸ್ಟ್ರಿಯಾದಿಂದ ಬಂದಿದ್ದ ಆ ಮಹಿಳಾ ಅಧಿಕಾರಿ ನಿಜವಾಗಿ ಜಾರಿ ಬಿದ್ದರೋ, ಬರೀ ವಾಲಿದರೋ, ಈಗ ಖಚಿತವಾಗಿ ಹೇಳಲಾರೆ. ನನ್ನ ನೆನಪಿಗೆ ಬಣ್ಣ ಕಟ್ಟುವ ಚಾಳಿಯಿದೆ.

ಅಬ್ಬಿಗೆರೆಯ ವರ್ಕ್‌ಶಾಪಿನ ಯಜಮಾನರು ಮಾತಿಗೆ ಮೊದಲು ಶುಭ್ರವಾಗಿದ್ದ ಕೈಯನ್ನೂ ಬಟ್ಟೆಗೆ ಒರೆಸಿಕೊಳ್ಳುತ್ತಿದ್ದರು. 'ಬರ್ತಾರೆ ಕಣ್ರೀ, ಬಂದೇ ಬರ್ತಾರೆ' ಎನ್ನುತ್ತಿದ್ದರು. ಆಕೆಯ ಕಂಪನಿ ಇಲ್ಲಿ ಬಂಡವಾಳ ಹೂಡಬೇಕಿತ್ತು, ಇಲ್ಲವೇ ಹೊಸೂರಿಗೆ ಹೋಗಬೇಕಿತ್ತು. ನಾನು ಜರ್ಮನ್ ದುಭಾಷಿ.

ಆಕೆ ಸುರಕ್ಷತೆ ಪರೀಕ್ಷಿಸಲು ಬಂದದ್ದು ಆಯುಧಪೂಜೆಯ ಮರುದಿನ. ಬಾಗಿಲಲ್ಲೇ ಕುಂಕುಮ ತುಂಬಿ ಒಡೆದ ಬೂದುಗುಂಬಳ. ಅದನ್ನು ತುಳಿದು ಆಯ ತಪ್ಪಿದ ಆಕೆ ಕೆಂಪು ನೋಡಿ, ಯಾರಿಗೆ ಪೆಟ್ಟಾಯಿತೆಂದು ಕೇಳಿದರು.

'ಯಾರಿಗೂ ಏಟಾಗ್ದೇ ಇರ್ಲಿ ಅಂತಾನೇ ಒಡ್ದಿದ್ದು ಅಂತ ಹೇಳ್ರೀ' ಎಂದರು ಯಜಮಾನರು.

ಹೇಳಿದೆ. ಆಕೆ ತಮ್ಮ ಒದ್ದೆ ಬೂಟು ತೋರಿಸಿದರು. ಬಂಡವಾಳ ಹೊಸೂರಿಗೇ ಹೋಯಿತು ಅಂದುಕೊಂಡೆ.

ಯಜಮಾನರು ಜೋರಾಗಿ ನಕ್ಕರು. 'ಎಲ್ಲಿ ಒಡೀಬೇಕು ಅಂತ ಮೇಡಮ್ಮೇ ಹೇಳ್ಲಿ. ಒಡೆಯೋದು ಮಾತ್ರ ಬಿಡಲ್ಲ.'

ಅನುವಾದ ಮುಗಿಯುವ ಮೊದಲೇ ಆಕೆಗೂ ನಗು. ಮಷೀನು ತೋರಿಸಲು ಯಜಮಾನರು ಹೆಚ್ಚುಕಡಿಮೆ ಓಡಿದರು, ಹಿಂದೆ ನಾವಿಬ್ಬರೂ.

ಮೊನ್ನೆ ಹೋಗಿ ನೋಡಿ ಬಂದೆ. ಗೇಟಿನ ಮೇಲೆ ಎರಡೂ ಕಂಪನಿಗಳ ಹೆಸರಿದೆ. ಸುರಕ್ಷತಾ ನಿಯಮಗಳ ಫಲಕದಲ್ಲಿ, ಹೆಲ್ಮೆಟ್ ನಿಯಮದ ಕೆಳಗೆ, ಕುಂಬಳಕಾಯಿ ಒಡೆಯುವ ಜಾಗ ಯಾವುದೆಂದು ಕನ್ನಡದಲ್ಲೂ ಜರ್ಮನ್ನಿನಲ್ಲೂ ಬರೆದಿದೆ.