ಆರು ಬಾಗಿಲು, ಒಂದೇ ಹಾಡು

ಬೆಳಗಿನ ಆರೂಕಾಲು. ಬಾಲ್ಕನ್ ಬೆಟ್ಟದ ಬುಡದ ಈ ಪುಟ್ಟ ಊರಿನ, ಪುಸ್ತಕಕ್ಕೂ ಹಾಡು-ಕುಣಿತಕ್ಕೂ ಜಾಗವಾದ ಓದುಮನೆಯಲ್ಲಿ ಇನ್ನೂ ಒಲೆ ಹೊತ್ತಿಲ್ಲ. ಹಾಡುಗಾರರ ಕೋಣೆಯ ಕಂಪ್ಯೂಟರಿನ ಮುಂದೆ ನೆವ್ಯಾನಾ ಕೋಲೆವಾ ಕೋಟನ್ನೂ ಬಿಚ್ಚದೆ ಕೂತಿದ್ದಾರೆ. ಪಕ್ಕದಲ್ಲಿ ಓದುಮನೆಯ ಕಾರ್ಯದರ್ಶಿ ಸ್ತಾನ್ಕಾ, ರಾತ್ರಿ ನಿದ್ದೆಗೆಟ್ಟ ಮುಖ.

"ಒಳಗೇ ಬಿಡ್ತಿಲ್ಲ. ರಾಚೋನೇ ಪಾಸ್‌ವರ್ಡ್ ಬದಲಾಯಿಸಿದಾನೆ," ಎನ್ನುತ್ತಾರೆ ಸ್ತಾನ್ಕಾ. " ನಿನ್ನೆ ಸಂಜೆ ಕೊನೇಲಿ ಬೀಗ ಹಾಕಿದ್ದು ಅವನೇ. ಬರೆದಿಟ್ಕೊ ಬೇಕಾದ್ರೆ."

"ಬರ್ಕೋತೀನಿ ಬಿಡೇ. ಮೊದಲು ನೀನು ಟೈಪ್ ಮಾಡು, ನಾನು ಆ ಕಡೆ ತಿರುಗಿರ್ತೀನಿ," ಎನ್ನುತ್ತಾರೆ ನೆವ್ಯಾನಾ.

ಅವರ ಕೆಲಸದ ರೀತಿಯೇ ಅದು. ಯಂತ್ರದ ಒಡೆಯರು ಪಕ್ಕದಲ್ಲಿ ಕೂರದೆ ಕೀಲಿಮಣೆ ಮುಟ್ಟುವುದಿಲ್ಲ. ಒಡೆಯರು ಪಾಸ್‌ವರ್ಡ್ ಒತ್ತುವಾಗ ಇವರ ಮುಖ ಕಿಟಕಿಯತ್ತ. ಮಾಡಿದ ಪ್ರತಿ ಕೆಲಸವನ್ನೂ ನೋಟ್‌ಬುಕ್ಕಿನಲ್ಲಿ ಬರೆದು, ಕೆಳಗೆ ಒಡೆಯರ ಸಹಿ. ಅಂಥ ನೋಟ್‌ಬುಕ್ಕುಗಳು ಮನೆಯಲ್ಲಿ ಮೂವತ್ತೊಂದಿವೆ. "ಎಲ್ಲಾ ಬಾಗಿಲೂ ತೆಗೆಯೋಕೆ ಬರೋಳನ್ನೇ ತಾನೆ ಜನ ಮೊದಲು ಅನುಮಾನಿಸೋದು," ಎಂದು ನಗುತ್ತಾರೆ.

ಐವತ್ತೇಳರ ನೆವ್ಯಾನಾ ಹತ್ತೊಂಬತ್ತು ವರ್ಷ ಜವಳಿ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡಿದವರು. ಗಿರಣಿ ಮುಚ್ಚಿದ ಚಳಿಗಾಲದಲ್ಲಿ, ಮನೆಗಿಂತ ಬೆಚ್ಚಗಿರುತ್ತದೆಂದು ಓದುಮನೆಗೆ ಬಂದು ಕೂರತೊಡಗಿದರು. ಅಲ್ಲಿ ಯಾರೋ ದಾನ ಕೊಟ್ಟ ಕಂಪ್ಯೂಟರುಗಳು ಧೂಳು ತಿನ್ನುತ್ತಿದ್ದವು. ನಿಘಂಟು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಇಂಗ್ಲಿಷ್ ಪದ ಬಿಡಿಸಿ ಓದಿ, ಆ ಮುದಿ ಯಂತ್ರಗಳಿಗೆ ಪುಕ್ಕಟೆ ಸಿಗುವ ಲಿನಕ್ಸ್ ತಂತ್ರಾಂಶ ಹಾಕಿದರು. ಇಂದು ಓದುಮನೆ, ಶಾಲೆ, ಪಂಚಾಯಿತಿ ಸೇರಿ ಇಪ್ಪತ್ತೊಂದು ಯಂತ್ರಗಳು ಅವರ ಕೈಯಲ್ಲಿವೆ. ವಾರಕ್ಕೆ ಮೂವತ್ತು ಕರೆ. ಅದರಲ್ಲಿ ಇಪ್ಪತ್ತು "ಒಳಗೆ ಹೋಗೋಕಾಗ್ತಿಲ್ಲ" ಅಥವಾ "ಜಾಗ ಇಲ್ಲ ಅಂತಿದೆ". ಊರಿನ ಪತ್ರಿಕೆಯಲ್ಲಿ ಅವರ ಹೆಸರು ಬಂದದ್ದು ಒಮ್ಮೆ ಮಾತ್ರ, ಗಿರಣಿಯಿಂದ ಕೆಲಸ ಕಳೆದುಕೊಂಡವರ ಪಟ್ಟಿಯಲ್ಲಿ.

ಈ ದಿನದ ಕರೆ ಬೇರೆ ತರದ್ದು. ಐದು ವರ್ಷಕ್ಕೊಮ್ಮೆ ಬೆಟ್ಟದ ಮೇಲೆ ನಡೆಯುವ ಹಾಡುಕೂಟಕ್ಕೆ ಸ್ತಾನ್ಕಾ ಸೇರಿದಂತೆ ಊರಿನ ಆರು ಹೆಂಗಸರ ಹಾಡು ಕಳಿಸಲು ಮಧ್ಯಾಹ್ನ ಹನ್ನೆರಡೇ ಕೊನೆ. ಹಾಡು ಒಳಗಿದೆ, ಅರ್ಜಿಯೂ ಒಳಗಿದೆ, ಬಾಗಿಲು ತೆರೆಯುತ್ತಿಲ್ಲ. ಗುಂಪಿನ ಹಿರಿಯಳಾದ ಗೇನಾಜ್ಜಿಗೆ ಎಂಬತ್ತಾರು. ಇನ್ನೈದು ವರ್ಷದ ಮಾತನ್ನು ಯಾರೂ ಆಡುವುದಿಲ್ಲ.

ಏಳು ಗಂಟೆಗೆ ರಾಚೋ ಬರುತ್ತಾನೆ. ಗುಂಪಿಗೆ ಅಕಾರ್ಡಿಯನ್ ನುಡಿಸುವವನು, ಪ್ರತಿ ಅಭ್ಯಾಸವನ್ನೂ ಧ್ವನಿಮುದ್ರಿಸುವವನೂ ಅವನೇ. ಸ್ತಾನ್ಕಾ ರಾತ್ರಿಯೇ ಊರಲ್ಲಿ ಆಡಿದ್ದ ಮಾತು ಬೇಕರಿಯಲ್ಲೇ ಅವನ ಕಿವಿಗೆ ಬಿದ್ದಿದೆ. ಕೋಣೆಯ ಕೀಲಿಯನ್ನು ಮೇಜಿನ ಮೇಲಿಡುತ್ತಾನೆ.

"ಹದಿನಾಲ್ಕು ವರ್ಷ ನುಡಿಸಿದೀನಿ. ಕಳ್ಳ ಅನ್ನಿಸ್ಕೊಂಡು ನುಡಿಸಲ್ಲ."

ಅವನು ಹೊರಗೆ ಹೋಗುವುದೇ ತಡ, ಸ್ತಾನ್ಕಾ ಪಿಸುಗುಡುತ್ತಾರೆ: "ನೋಡಿದ್ಯಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ."

ನೆವ್ಯಾನಾರಿಗೂ ಅನುಮಾನವಿದೆ, ಆದರೆ ಮನುಷ್ಯರ ಮೇಲಲ್ಲ. "ಬೇಕೂಂತ ತಪ್ಪು ಪಾಸ್‌ವರ್ಡ್ ಕೊಡು," ಎನ್ನುತ್ತಾರೆ. ಯಂತ್ರ ತಪ್ಪು ಎಂದು ಬರೆದು ತೋರಿಸುತ್ತದೆ. "ಈಗ ಸರಿಯಾದದ್ದು." ಪರದೆ ಒಂದು ಗಳಿಗೆ ಕಪ್ಪಾಗಿ, ಏನೂ ಹೇಳದೆ ಮತ್ತೆ ಅದೇ ಬಾಗಿಲಿಗೆ ಬಂದು ನಿಲ್ಲುತ್ತದೆ.

"ತಿಳೀತಾ? ತಪ್ಪಿದ್ರೆ ಬೈಯುತ್ತೆ. ಈಗ ಬೈಲಿಲ್ಲ. ಬಾ ಅಂತ ಕರೆದು, ಕೂರೋಕೆ ಜಾಗ ಇಲ್ಲ ಅಂತ ವಾಪಸ್ ಕಳಿಸ್ತಿದೆ."

ಗೇನಾಜ್ಜಿ ಬಂದು ತನ್ನ ಹೆಸರಿನಲ್ಲಿ ಪ್ರಯತ್ನಿಸುತ್ತಾಳೆ. ಅವಳಿಗೂ ಅದೇ ಪಾಡು. "ನನ್ನ ಪಾಸ್‌ವರ್ಡ್ ನಾನು ನನ್ನ ಗಂಡನಿಗೂ ಹೇಳಿರ್ಲಿಲ್ಲ," ಎನ್ನುತ್ತಾಳೆ ಅಜ್ಜಿ. "ರಾಚೋಗೆ ಹೇಳ್ತೀನಾ?"

ನೆವ್ಯಾನಾ ಮೂರು ಗುಂಡಿ ಒಟ್ಟಿಗೆ ಒತ್ತುತ್ತಾರೆ. ಚಿತ್ರ, ಬಣ್ಣಗಳೆಲ್ಲ ಮಾಯವಾಗಿ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ. ಸ್ತಾನ್ಕಾ ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಡಿಸ್ಕ್ ನೂರಕ್ಕೆ ನೂರು ತುಂಬಿದೆ. ತುಂಬಿದವರಾರು? ಒಂದೊಂದೇ ಕಡತಕೋಶ ತೂಗಿ ನೋಡಿದಾಗ ಆರು ಹೆಂಗಸರದ್ದೂ ಹೆಚ್ಚುಕಡಿಮೆ ಒಂದೇ ಭಾರ. ಒಳಗಿರುವುದೂ ಒಂದೇ: ಅದೇ ಹಾಡುಗಳು, ಆರಾರು ಪ್ರತಿ.

ಮೂರು ವರ್ಷದ ಕೆಳಗೆ ಗೇನಾಜ್ಜಿಯ ಒಂದು ಹಾಡು ಯಂತ್ರದಿಂದ ಕಾಣೆಯಾಗಿತ್ತು. ಅಳಿಸಿದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಅಂದಿನಿಂದ ಪ್ರತಿಯೊಬ್ಬಳೂ ಉಳಿದ ಐವರಿಗೆ ತಿಳಿಯದಂತೆ ಪ್ರತಿ ಹಾಡನ್ನೂ ತನ್ನ ಹೆಸರಿನಲ್ಲಿ ನಕಲು ಮಾಡಿಟ್ಟುಕೊಳ್ಳುತ್ತಿದ್ದಾಳೆ.

"ನೀನೂನಾ ಅಜ್ಜಿ?" ಎನ್ನುತ್ತಾರೆ ಸ್ತಾನ್ಕಾ.

"ನೀನು ಇಟ್ಕೋಬಹುದು, ನಾನಿಟ್ಕೋಬಾರ್ದಾ?"

ನೆವ್ಯಾನಾ ಉಳಿದ ನಾಲ್ವರಿಗೂ ಫೋನ್ ಮಾಡಿ ಕರೆಸುತ್ತಾರೆ. ಎಲ್ಲರೂ ಬಂದು ಕೂತ ಮೇಲೆಯೇ ಕೈಹಚ್ಚುವುದು. ನಕಲುಗಳು ಅಕ್ಷರಶಃ ಒಂದೇ ಎಂದು ಖಚಿತಪಡಿಸಿಕೊಂಡು, ಪ್ರತಿ ಹಾಡಿನ ಒಂದೇ ಪ್ರತಿ ಉಳಿಸಿ, ಅದಕ್ಕೆ ಆರು ಹೆಸರು ಕಟ್ಟುತ್ತಾರೆ. ಯಾರೂ ತಿದ್ದದಂತೆ, ಓದಲು ಮಾತ್ರ ಎಂದು ಬಿಗಿ ಮಾಡುತ್ತಾರೆ.

"ಅಂದ್ರೆ ನನ್ನದನ್ನ ಅಳಿಸಿದೆ," ಸ್ತಾನ್ಕಾ ಎದ್ದು ನಿಲ್ಲುತ್ತಾರೆ.

"ಹಾಡು ಒಂದು, ಬಾಗಿಲು ಆರು. ಒಬ್ಬಳು ತನ್ನ ಬಾಗಿಲು ಕಿತ್ತು ಹಾಕಿದ್ರೂ ಹಾಡು ಹೋಗಲ್ಲ. ಕೊನೇ ಬಾಗಿಲು ಇರೋವರೆಗೂ ಇರುತ್ತೆ. ನಂಬಬೇಡ. ಅಳಿಸಿ ನೋಡು."

ಸ್ತಾನ್ಕಾ ತಮ್ಮ ಹೆಸರಿನಡಿಯ ಒಂದು ಹಾಡನ್ನು ಅಳಿಸುತ್ತಾರೆ. ಅಜ್ಜಿ ತನ್ನ ಹೆಸರಿನಲ್ಲಿ ಒಳಹೋಗಿ ಅದನ್ನೇ ಒತ್ತುತ್ತಾಳೆ. ಆರು ಗಂಟಲು ಒಟ್ಟಿಗೆ ಏಳುತ್ತವೆ, ಹಿಂದೆ ರಾಚೋನ ಅಕಾರ್ಡಿಯನ್. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ಹನ್ನೊಂದೂ ಇಪ್ಪತ್ತಕ್ಕೆ ಅರ್ಜಿ ಹೋಗುತ್ತದೆ. ನೋಟ್‌ಬುಕ್ಕಿನಲ್ಲಿ ಆರು ಸಹಿ ಬೀಳುತ್ತವೆ. ಸ್ತಾನ್ಕಾ ಕೀಲಿ ಎತ್ತಿಕೊಳ್ಳುತ್ತಾರೆ, ಚೀಸು ತುಂಬಿದ ಪದರುರೊಟ್ಟಿ ಬನಿತ್ಸಾದ ಎರಡು ತುಂಡು ಕಾಗದದಲ್ಲಿ ಸುತ್ತುತ್ತಾರೆ. "ರಾಚೋ ಮನೆ ಕಡೆ ಹೋಗ್ಬರ್ತೀನಿ. ತಪ್ಪಾಯ್ತು ಅಂತೆಲ್ಲ ಅನ್ನಲ್ಲ ನಾನು. ಬಿಸಿ ಇದೆ, ತಿನ್ನು ಅಂತೀನಿ."

ಅವರು ಹೊರಟ ಮೇಲೆ ಗೇನಾಜ್ಜಿ ನೆವ್ಯಾನಾರ ತೋಳು ಜಗ್ಗುತ್ತಾಳೆ. "ಏನೇ ಆಗ್ಲಿ ಮಗಳೇ, ನನಗೊಂದು ಬೇರೆ ಕಾಪಿ ಹಾಕ್ಕೊಡು. ಇವರಿಗೆ ಹೇಳ್ಬೇಡ."

"ಡಿಸ್ಕೇ ಸತ್ರೆ ಆರು ಬಾಗಿಲೂ ಒಟ್ಟಿಗೇ ಹೋಗ್ತವೆ. ಬೇರೆ ಕಡೆ ಒಂದು ಇರ್ಲೇಬೇಕು ಅಜ್ಜಿ," ಎನ್ನುತ್ತಾರೆ ನೆವ್ಯಾನಾ. "ಆದ್ರೆ ಅದನ್ನೂ ಪುಸ್ತಕದಲ್ಲಿ ಬರೀತೀನಿ. ಸಹಿ ಹಾಕು."

ಅಜ್ಜಿ ಗೊಣಗುತ್ತಲೇ ಸಹಿ ಹಾಕುತ್ತಾಳೆ. ನೆವ್ಯಾನಾ ಬೆಳಗಿನಿಂದ ಮೊದಲ ಸಲ ಕೋಟು ಬಿಚ್ಚುತ್ತಾರೆ. ನಿಮಗೇನು ಬೇಕು ಎಂದು ಕೇಳಿದರೆ ನೋಟ್‌ಬುಕ್ ಮುಚ್ಚುತ್ತಾರೆ.

"ಹೊಸ ಯಂತ್ರ ಕೊಡಿ ಅಂತ ಕೇಳಲ್ಲ. ಕೆಟ್ಟಾಗ ಮೊದಲು ನನ್ನ ಕರೀಲಿ. ಕಳ್ಳನ್ನ ಆಮೇಲೆ ಹುಡುಕ್ಲಿ."