ಉಸ್ತಾದ ಗುದ್ಲೆಪ್ಪ

ಹಾನಗಲ್ಲಿನ ಗರಡಿಯಲ್ಲಿ ಹುಡುಗರಿಗೆ ಕುಸ್ತಿ ಕಲಿಸುತ್ತಿದ್ದ ನನ್ನ ಗೆಳೆಯ ಗುದ್ಲೆಪ್ಪ ಹೋದ ತಿಂಗಳು ಹೃದಯದ ಆಪರೇಶನ್ನಿನಲ್ಲಿ ತೀರಿಕೊಂಡ. ಅವನು ಗದರಿದರೆ ಕೆರೆಯಲ್ಲಿ ಮಲಗಿದ್ದ ಎಮ್ಮೆಗಳೂ ಎದ್ದು ನಿಲ್ಲುತ್ತಿದ್ದವು. ಅಖಾಡದ ಮೂಲೆಯಲ್ಲಿ ಬೆಕ್ಕು ಮರಿ ಹಾಕಿತೆಂದು ಗರಡಿಗೆ ಬೀಗ ಹಾಕಿ ಹುಡುಗರನ್ನು ಮನೆಗೆ ಕಳಿಸಿದವನೂ ಅವನೇ. ಗೆದ್ದವನು ಸೋತವನ ಕಾಲಿಗೆ ಎಣ್ಣೆ ತಿಕ್ಕಬೇಕೆಂಬುದು ಅವನ ಕಾಯಿದೆ. ಶಿಗ್ಗಾವಿಯಿಂದ ಬರುತ್ತಿದ್ದ ಕನಕಪ್ಪ ಒಮ್ಮೆ, “ಉಸ್ತಾದ್ರ, ಈಗಷ್ಟ ಇವನ್ನ ಕೆಡವೀನ್ರಿ, ಮತ್ತ ಇವನ ಕಾಲ ಯಾಕ ತಿಕ್ಕಲ್ರಿ?” ಎಂದ. “ಕೆಡವೂ ಕೈಗೆ ನೀವೂದೂ ಬರಬೇಕಲೇ. ಒಂದ ಬಂದ್ರ ನೀ ಅರ್ಧಾ ಪೈಲ್ವಾನ” ಎಂದು ಗುದ್ಲೆಪ್ಪ ಎಣ್ಣೆಯ ಬಟ್ಟಲು ಮುಂದಿಟ್ಟ. ಹೆದರುವ ಹುಡುಗರಿಗೆ ಹೆದರಿಕೆ ಬಿಡಿ ಎಂದು ಅವನು ಎಂದೂ ಹೇಳಲಿಲ್ಲ; “ಅದನ್ನೂ ಕರಕೊಂಡ ಅಖಾಡಕ್ಕ ಇಳೀರಿ” ಎನ್ನುತ್ತಿದ್ದ. ಆಪರೇಶನ್ನಿನ ದಿನ ಹೆಂಡತಿ ತಿಪ್ಪವ್ವನೆದುರು ನಗುತ್ತಲೇ ಇದ್ದ. ಅವಳು ನೀರು ತರಲು ಹೋದಾಗ ನನ್ನ ಕೈ ಹಿಡಿದು, “ಭಾಳ ಅಂಜಿಕಿ ಬಂದೈತಿ ದೋಸ್ತ” ಎಂದ. ನಾನು ಧೈರ್ಯ ಹೇಳಲು ಬಾಯಿ ತೆರೆದೆ. “ಏನೂ ಹೇಳಬ್ಯಾಡ, ಆಕಿನ್ನ ಕರಿ. ಆಕಿ ಮುಂದ ಅಳದ ಹೋದ್ರ, ಹುಡುಗೂರಿಗೆ ನಾ ಕಲಿಸಿದ್ದೆಲ್ಲಾ ಸುಳ್ಳಾಕ್ಕತಿ” ಎಂದ. ತಿಪ್ಪವ್ವ ಬಂದಳು. ಅವಳ ಹೆಗಲಿಗೆ ಹಣೆ ಹಚ್ಚಿ, ವಾರ್ಡಿನವರೆಲ್ಲ ತಿರುಗಿ ನೋಡುವಂತೆ ಅತ್ತ. ಆಮೇಲೆ ಮುಖ ಒರೆಸಿಕೊಂಡು, ಯಾರ ಆಸರೆಯೂ ಇಲ್ಲದೆ ಸ್ಟ್ರೆಚರ್ ಹತ್ತಿ ಮಲಗಿ, “ಈಗ ನಡೀರಿ” ಎಂದ.