ಪೈಪು ಒಡೆದದ್ದು ನನ್ನ ಕಾಲ್ಗುಣದಿಂದಲ್ಲ

ನಿಮ್ಮ ಅಜ್ಜ ತೀರಿಕೊಂಡಾಗ ನಿಮ್ಮಪ್ಪ ಇನ್ನೂ ನನ್ನ ಬಗಲಲ್ಲಿದ್ದ. ಅಂದಿನಿಂದ ಊರ ಬಾವಿಯಲ್ಲಿ ನನ್ನ ಸರದಿ ಎಲ್ಲರಿಗಿಂತ ಕೊನೆಗೆ. ಮುತ್ತೈದೆಯರೆಲ್ಲ ಸೇದಿದ ಮೇಲೆ ತಳದಲ್ಲಿ ಉಳಿದ ಕೆಸರು ನೀರು ನನಗೆ. ಮೊದಲಿನಿಂದ ನಾನು ಬಾಯಿಲ್ಲದವಳು. ಕೊಡ ಹಿಡಿದು ದೂರ ನಿಲ್ಲುತ್ತಿದ್ದೆ.

ನಮ್ಮ ಹೊಲದ ಬದಿಗೆ ಆದವಾನಿ ಕಡೆಗೆ ನೀರು ಒಯ್ಯುವ ಉಕ್ಕಿನ ಪೈಪು ಹಾದುಹೋಗಿತ್ತು. ಒಳಗೆ ಕುರಿಮರಿ ಹೊಕ್ಕು ನಡೆಯುವಷ್ಟು ದಪ್ಪ. ಅರ್ಧ ಎರೆಮಣ್ಣಿನಲ್ಲಿ ಹೂತಿತ್ತು. ಒಂದು ಜಾಯಿಂಟಿನಲ್ಲಿ ನೀರು ಸೋರುತ್ತಿತ್ತು. ಅಲ್ಲಿ ಯಾರ ಸರದಿಯೂ ಇರಲಿಲ್ಲ. ನಸುಕಿನಲ್ಲಿ ಹೋಗಿ ಕೊಡ ಇಟ್ಟರೆ ತಿಳಿನೀರು. ಆಮೇಲೆ ಉಳಿದ ಹೆಂಗಸರೂ ಬರತೊಡಗಿದರು, ನನ್ನ ಹಿಂದೆ.

ಒಂದು ಬೇಸಿಗೆ ಮಧ್ಯಾಹ್ನ ಆ ಜಾಯಿಂಟಿನ ಪಕ್ಕದಲ್ಲೇ ಪೈಪು ಸಿಡಿಯಿತು. ಬೇವಿನ ಮರದೆತ್ತರ ಚಿಮ್ಮಿದ ನೀರು ದೊಡ್ಡತ್ತೆ ಒಣಹಾಕಿದ್ದ ಮೆಣಸಿನಕಾಯಿಯನ್ನೆಲ್ಲ ಕೊಚ್ಚಿಕೊಂಡು ಹೋಯಿತು. ದೊಡ್ಡತ್ತೆ ಅಂದರೆ ನನ್ನ ಮಾವನ ಅಣ್ಣನ ಹೆಂಡತಿ. ಬಾವಿಯಲ್ಲಿ ಸರದಿ ಹೇಳುವವಳು ಆಕೆಯೇ.

"ಮುಂಡಿ ದಿನಾ ಮುಂಜಾನೆ ಹೋಗಿ ಮುಟ್ಟತಿದ್ಳಲ್ಲ, ಆಕಿ ಕಾಲ್ಗುಣ ಉಕ್ಕೂ ತಾಳಲಿಲ್ಲ ನೋಡ್ರಿ! ಇನ್ನ ಬಾವಿ ಕಟ್ಟಿಗೆ ಬಂದ್ರ ಬಾವೀನೂ ಬತ್ತತೈತಿ" ಎಂದಳು.

ಬಾವಿಯೂ ಇಲ್ಲವೆಂದರೆ ಕೂಸಿಗೆ ಏನು ಕುಡಿಸಲಿ?

ರಿಪೇರಿಯವರು ಬಂದು ಒಡೆದ ತುಂಡನ್ನು ಕೊಯ್ದು ಮಗುಚಿ ಹಾಕಿದರು. ನೋಡಲು ಊರೇ ಸೇರಿತ್ತು. ಮೇಲ್ಭಾಗದ ಕರಿಬಣ್ಣ ಇನ್ನೂ ಹೊಸದರಂತಿತ್ತು. ಉಪ್ಪು ತುಂಬಿದ ಆ ಸೌಳು ಎರೆಮಣ್ಣಿನಲ್ಲಿ ಕೂತಿದ್ದ ಹೊಟ್ಟೆಭಾಗ ಮಾತ್ರ ಹಪ್ಪಳದಂತೆ ಸವೆದಿತ್ತು. "ಅಂತಾ ತುಪ್ಪೇ" ಎಂದು ಫಿಟ್ಟರು ತೆಲುಗಿನಲ್ಲಿ ಹೇಳಿದ, ಎಲ್ಲಾ ತುಕ್ಕು. ನಾನು ಸೆರಗು ಬಿಗಿದುಕೊಂಡು ಮುಂದೆ ಹೋಗಿ ಬೆರಳಿನಿಂದ ಒತ್ತಿದೆ. ಪುಡಿಪುಡಿಯಾಗಿ ಉದುರಿತು.

"ದೊಡ್ಡತ್ತಿ, ನೀವೂ ಮುಟ್ಟಿ ನೋಡ್ರಿ. ನಾ ಮುಟ್ಟತಿದ್ದದ್ದು ಮ್ಯಾಲೆ. ಅದು ಗಟ್ಟಿ ಐತಿ. ಕೆಳಗ ತಿಂದದ್ದು ಮಣ್ಣು."

"ಬಾಯಿ ಬಂತೇನ ನಿನಗ?"

"ಬಂತ್ರಿ. ನೀರಡಿಸಿದ ಬಾಯಿ."

ಯಾರೋ ಕಿಸಕ್ಕನೆ ನಕ್ಕರು. ದೊಡ್ಡತ್ತೆ ಮುಟ್ಟಲಿಲ್ಲ.

ಹೊಸ ತುಂಡು ಕೂಡಿಸಿದರು. ಅದರಲ್ಲಿ ಒಂದು ಹನಿಯೂ ಸೋರಲಿಲ್ಲ. ಮರುದಿನ ನಸುಕಿಗೆ ನಾನು ಬಾವಿಗೆ ಹೋದೆ. ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದರು, ಇನ್ನೂ ಯಾರೂ ಸೇದಿರಲಿಲ್ಲ. ನೇರ ಕಟ್ಟೆ ಹತ್ತಿದೆ.

"ನಿಂದ್ರ!" ಎಂದಳು ದೊಡ್ಡತ್ತೆ.

ನಾನು ಹಗ್ಗ ಬಿಟ್ಟೆ. ತಿಳಿನೀರು ಬಂತು. ಒಂದು ಕೊಡ ತಲೆಗೆ, ಒಂದು ಬಗಲಿಗೆ ಇಟ್ಟುಕೊಂಡು ಅವರೆಲ್ಲರ ನಡುವಿನಿಂದಲೇ ನಡೆದೆ. ಹಿಂದೆ ಬಾವಿಯ ಗಾಲಿ ಮತ್ತೆ ಕಿರುಗುಟ್ಟತೊಡಗಿತು. ನಾನು ಮೊದಲು ಸೇದಿದೆನೆಂದು ಖಾಲಿ ಕೊಡ ಹೊತ್ತು ಮನೆಗೆ ಹೋದವರು ಒಬ್ಬರೂ ಇಲ್ಲ.